ಕರುವಿನ ಹಾಲಿಗೆ ಸಾರತೈಲದ ಪುಡಿ: ಬಿಸಿ ನೀರಲ್ಲಿ ಕಲಸಿದರೆ ಕೆಡುತ್ತದೆ, ಎಚ್ಚರ

ಭೇದಿ ತಡೆಯಲೆಂದು ಓಮ, ದಾಲ್ಚಿನ್ನಿ, ಲವಂಗದ ಸಾರತೈಲಕ್ಕೆ (ಅವುಗಳಿಂದ ತೆಗೆದ ಘಾಟಿನ ಎಣ್ಣೆಗೆ) ಕವಚ ಹಾಕಿದ ಪುಡಿಯನ್ನು ಹಾಲಿನಲ್ಲಿ ಕೊಟ್ಟ ಒಂದು ಕೊಟ್ಟಿಗೆಯಲ್ಲಿ ನಡೆದದ್ದಿದು. ಮೂರನೇ ದಿನಕ್ಕೆ ಕರುಗಳು ಬಕೆಟ್ಟಿಗೆ ಮೂತಿ ಇಟ್ಟು ಹಿಂದೆ ಸರಿದವು. ಕೊನೆಯಲ್ಲಿ ಹಾಲು ಸಿಗುತ್ತಿದ್ದ ಎರಡು ಕರುಗಳಿಗೆ ತುಟಿಯಂಚು ಕೆಂಪಾಗಿ ಜೊಲ್ಲು ಇಳಿಯುತ್ತಿತ್ತು. ಪುಡಿಯಲ್ಲಿ ದೋಷವಿರಲಿಲ್ಲ, ಬೆರೆಸಿದ್ದರಲ್ಲಿತ್ತು.

ಆ ಪುಡಿಯ ಕವಚ ಗಟ್ಟಿ ಮಾಡಿದ ಸಸ್ಯಕೊಬ್ಬಿನದು. ಇಂಥದ್ದು ಸಾಮಾನ್ಯವಾಗಿ 55ರಿಂದ 65 ಡಿಗ್ರಿಯೊಳಗೆ ಕರಗುತ್ತದೆ. ಹಾಲಿನ ಪುಡಿ ಗಂಟಾಗದಿರಲೆಂದು 65 ಡಿಗ್ರಿ ನೀರು ಹಾಕಿ, ಅದರಲ್ಲೇ ಇದನ್ನೂ ಕಲಸಿದ್ದರು. ಕವಚ ಕರಗಿ ಎಣ್ಣೆ ಮೇಲೆ ತೇಲಿತು. ಡ್ರಮ್ಮಿನ ಒಳಗೋಡೆಗೆ ಹಳದಿ ಜಿಡ್ಡಿನ ಬಳೆ, ಮೂಗಿಗೆ ರಾಚುವ ಓಮದ ಘಾಟು. ನಲ್ಲಿ ಡ್ರಮ್ಮಿನ ತಳದಲ್ಲಿದ್ದುದರಿಂದ ಮೊದಲ ಕರುಗಳಿಗೆ ಬರೀ ಹಾಲು, ಕೊನೆಯವಕ್ಕೆ ಎಣ್ಣೆಯೆಲ್ಲ.

ಈ ಎಣ್ಣೆಗಳಲ್ಲಿರುವ ಥೈಮಾಲ್, ಕಾರ್ವಕ್ರಾಲ್, ಯೂಜೆನಾಲ್ ಎಂಬ ರಾಸಾಯನಿಕಗಳು ರೋಗಾಣುಗಳನ್ನು ಕೊಲ್ಲುವಷ್ಟೇ ಚುರುಕಾಗಿ ಬಾಯಿಯ ಎಳೆ ಪೊರೆಯನ್ನೂ ಸುಡುತ್ತವೆ. ಕವಚ ಇರುವುದು ಘಾಟು ಮುಚ್ಚಲು, ಎಣ್ಣೆ ಆವಿಯಾಗದಂತೆ ಹಿಡಿದು ಕರುಳಿಗೆ ತಲುಪಿಸಲು. ಕೊಬ್ಬು ಜೀರ್ಣಿಸುವ ಕಿಣ್ವಗಳು ಅಲ್ಲಿ ಅದನ್ನು ಬಿಚ್ಚಬೇಕು. ನುಣ್ಣಗಾಗಲಿ ಎಂದು ಪುಡಿಯನ್ನು ಮಿಕ್ಸಿಗೆ ಹಾಕುವುದೂ ಬಿಸಿ ನೀರಿನಷ್ಟೇ ಕೆಟ್ಟದ್ದು.

ನೀರಲ್ಲಿ ಕರಗುವಂತೆ ಮಾರ್ಪಡಿಸಿದ ಪಿಷ್ಟ, ಮಾಲ್ಟೋಡೆಕ್ಸ್ಟ್ರಿನ್ (ಪಿಷ್ಟದಿಂದ ತೆಗೆದ ಪುಡಿ), ಗೋಂದಿನ ಕವಚವಾದರೆ ಉಗುರುಬೆಚ್ಚಗಿನ ಹಾಲಿನಲ್ಲೇ ಕರಗಿಬಿಡುತ್ತದೆ. ಕೊಳ್ಳುವ ಮುನ್ನ ಒಂದು ಚಿಟಿಕೆಯನ್ನು 40 ಡಿಗ್ರಿ ನೀರಿನ ಲೋಟಕ್ಕೆ ಹಾಕಿ ಹತ್ತು ನಿಮಿಷ ಬಿಡಿ. ಘಾಟು ಎದ್ದರೆ ಹಾಲಿಗೆ ಬೇಡ. ಚೀಲ ಬಿಚ್ಚಿದ ಕೂಡಲೇ ಘಾಟು ಹೊಡೆದರೆ ಕವಚ ಆಗಲೇ ಒಡೆದಿದೆ, ಬಿಸಿಲಲ್ಲಿಟ್ಟ ಚೀಲಕ್ಕೆ ಹೀಗಾಗುತ್ತದೆ.

ಹಾಲನ್ನು ಮೊದಲು ಪೂರ್ತಿ ಕಲಸಿ 40 ಡಿಗ್ರಿಗೆ ಇಳಿಸಿ. ಒಂದೊಂದು ಕರುವಿನ ಪಾಲನ್ನು ಬೇರೆಯಾಗಿ ತೂಗಿ, 200 ಮಿಲಿ ಹಾಲಿನಲ್ಲಿ ಕದಡಿ, ಅದರದೇ ಬಕೆಟ್ಟಿಗೆ ಸುರಿದು ಕೂಡಲೇ ಕುಡಿಸಿ. ಡ್ರಮ್ಮಿಗೆ ಹಾಕಲೇಬೇಡಿ.

ಪ್ರಮಾಣದಲ್ಲೂ ಎಡವುವವರು ಬಹಳ. ಚೀಟಿಯಲ್ಲಿ ಬರೆದದ್ದು ಪುಡಿಯ ತೂಕವೋ ಒಳಗಿನ ಎಣ್ಣೆಯ ತೂಕವೋ ನೋಡಿ. ಕಿಲೋ ಆಹಾರಕ್ಕೆ 100 ಮಿಲಿಗ್ರಾಂ ಎಣ್ಣೆ ಎಂದಿದ್ದು, ಪುಡಿಯಲ್ಲಿ ಎಣ್ಣೆ ಶೇ 10 ಇದ್ದರೆ ಬೇಕಾದದ್ದು 1 ಗ್ರಾಂ ಪುಡಿ. ಟೀ ಚಮಚದಲ್ಲಿ ಅಳೆದರೆ ಅದರ ಎರಡು ಮೂರು ಪಟ್ಟು ಬಿದ್ದೀತು. ಕಾಫ್ ಸ್ಟಾರ್ಟರ್‌ಗೆ (ಎಳೆಗರುವಿನ ಒಣ ಆಹಾರಕ್ಕೆ) ಬೆರೆಸುವಾಗ ಮೊದಲು 100 ಗ್ರಾಂ ಹಿಟ್ಟಿನಲ್ಲಿ, ಆಮೇಲೆ ಒಂದು ಕಿಲೋದಲ್ಲಿ, ಕೊನೆಗೆ ಹತ್ತು ಕಿಲೋದಲ್ಲಿ ಕಲಸಿ. ಪೆಲೆಟ್ ಯಂತ್ರದ 70–85 ಡಿಗ್ರಿ ಹಬೆಗೆ ಕೊಬ್ಬಿನ ಕವಚ ಉಳಿಯದು. ಹಾಲು ಅನ್ನನಾಳದ ತೋಡಿನಲ್ಲಿ ಸೀದಾ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ, ಸ್ಟಾರ್ಟರ್ ಮೊದಲ ಹೊಟ್ಟೆಗೆ ಬೀಳುತ್ತದೆ. ಅಲ್ಲಿ ಈಗಷ್ಟೇ ನೆಲೆಯೂರುತ್ತಿರುವ ಸೂಕ್ಷ್ಮಜೀವಿಗಳಿಗೂ ಈ ಎಣ್ಣೆ ತಾಗುತ್ತದೆ. ಹಾಲು, ಸ್ಟಾರ್ಟರ್ ಎರಡಕ್ಕೂ ಹಾಕಿ ಇಮ್ಮಡಿ ಮಾಡಬೇಡಿ.

ನಮಗೆ ಹೆಚ್ಚು ನೋವಾಗುವುದು ಇನ್ನೊಂದಕ್ಕೆ. ಪುಡಿ ಕೊಡುತ್ತಿದ್ದೇವಲ್ಲ ಎಂಬ ಧೈರ್ಯದಲ್ಲಿ ಭೇದಿ ಹತ್ತಿದ ಕರುವನ್ನು ಎರಡು ದಿನ ಹಾಗೇ ಬಿಡುತ್ತಾರೆ. ಎಳೆಗರು ಸಾಯುವುದು ನೀರು, ಲವಣ ಕಳೆದುಕೊಂಡು. ಕಣ್ಣು ಗುಳಿಬಿದ್ದರೆ, ಕತ್ತಿನ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಮೊದಲಿನಂತಾಗದಿದ್ದರೆ ಅಂದೇ ಪಶುವೈದ್ಯರನ್ನು ಕರೆಸಿ. ಹಾಲು ನಿಲ್ಲಿಸದೆ, ಎರಡು ಹಾಲಿನ ನಡುವೆ 2 ಲೀಟರ್ ಲವಣದ್ರಾವಣ (ಓಆರ್‌ಎಸ್) ಕುಡಿಸಿ. ಹುಟ್ಟಿದ ಮೊದಲ ಗಂಟೆಗಳಲ್ಲಿ, ಮೈತೂಕದ ಹತ್ತನೇ ಒಂದು ಭಾಗದಷ್ಟು ಗಿಣ್ಣುಹಾಲು ಕುಡಿಯದ ಕರುವಿಗೆ ಯಾವ ಸಾರತೈಲವೂ ಆ ಕೊರತೆ ತುಂಬಿಕೊಡದು.

ಕರು ಹಾಲು ಕುಡಿಯಲೊಲ್ಲದಿದ್ದರೆ ಪುಡಿ ಅಂದೇ ನಿಲ್ಲಿಸಿ. ಪ್ಲಾಸ್ಟಿಕ್ ಬಕೆಟ್ಟು, ನಿಪ್ಪಲ್ಲು ಘಾಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಬಿಸಿ ಸೋಪುನೀರಲ್ಲಿ ಉಜ್ಜಿದರೂ ಹೋಗದಿದ್ದರೆ ಬೇರೆ ಬಕೆಟ್ಟಿನಲ್ಲಿ ಬರೀ ಹಾಲು ಕೊಟ್ಟು ನೋಡಿ.