ಅಭ್ಯರ್ಥಿಗಳ ಅಫಿಡವಿಟ್ ನೋಡುವ ಸೇವೆ: ಎರಡು ಚುನಾವಣೆಗೆ ಬಳಸಿದ ಮೇಲೆ ನನ್ನ ಅಭಿಪ್ರಾಯ

2023ರ ವಿಧಾನಸಭೆ ಚುನಾವಣೆಗೆ ಒಮ್ಮೆ, 2024ರ ಲೋಕಸಭೆಗೆ ಇನ್ನೊಮ್ಮೆ, ಒಟ್ಟು ಎರಡು ಸಲ ಈ ಸೇವೆಯನ್ನು ಕೂತು ಬಳಸಿದ್ದೇನೆ. ಸುಮ್ನೆ ಇಣುಕಿ ನೋಡಿದ್ದಲ್ಲ, ನಮ್ಮ ಕ್ಷೇತ್ರದಲ್ಲಿ ನಿಂತಿದ್ದ ಮುಖ್ಯ ಅಭ್ಯರ್ಥಿಗಳದ್ದೆಲ್ಲ ಮೊದಲ ಪುಟದಿಂದ ಕೊನೆ ಪುಟದವರೆಗೂ ಓದಿದ್ದೇನೆ. ಚುನಾವಣಾ ಆಯೋಗದ ಅಫಿಡವಿಟ್ ವೆಬ್‌ಸೈಟ್, ಅದರದ್ದೇ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪ್, ಜೊತೆಗೆ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅನ್ನೋ ಸ್ವಯಂಸೇವಾ ಸಂಸ್ಥೆಯವರ 'ಮೈನೇತಾ' ವೆಬ್‌ಸೈಟ್. ಈ ಮೂರನ್ನೂ ಸೇರಿಸಿ ಬರೆಯುತ್ತಿದ್ದೇನೆ. ಮೂರಕ್ಕೂ ದುಡ್ಡು ಕೊಡಬೇಕಿಲ್ಲ. ಮೊಬೈಲ್ ಇದ್ದರೆ ಸಾಕು.

ಮೊದಲು ಇದರಲ್ಲಿ ಏನು ಸಿಗುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ತುಂಬಾ ಜನ ಇದನ್ನು ಬರೀ "ಆಸ್ತಿ ಎಷ್ಟು ಕೋಟಿ" ಅನ್ನೋ ಪೇಪರ್ ಸುದ್ದಿ ಅಂದುಕೊಂಡಿದ್ದಾರೆ. ನಾಮಪತ್ರದ ಜೊತೆ ಕೊಡುವ ಈ ಪ್ರಮಾಣಪತ್ರಕ್ಕೆ ಫಾರಂ 26 ಅಂತ ಹೆಸರು. ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಲಂಬಿತರು, ಇವರೆಲ್ಲರ ಐದು ವರ್ಷದ ಆದಾಯ ಅದರಲ್ಲಿರುತ್ತೆ. ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಗಾಡಿಗಳು, ಎಷ್ಟು ಗ್ರಾಂ ಚಿನ್ನ, ಎಲ್ಲಾ ಇರುತ್ತೆ. ಜಮೀನಿದ್ದರೆ ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಯಾವಾಗ ಕೊಂಡದ್ದು, ಎಷ್ಟಕ್ಕೆ ಕೊಂಡದ್ದು, ಈಗಿನ ಬೆಲೆ ಎಷ್ಟು. ಸಾಲ ಯಾರ ಹತ್ತಿರ. ಕೇಸುಗಳಿದ್ದರೆ ಎಫ್‌ಐಆರ್ ನಂಬರ್, ಯಾವ ಠಾಣೆ, ಯಾವ ಕೋರ್ಟ್, ಯಾವ ಸೆಕ್ಷನ್, ಆರೋಪ ನಿಗದಿ ಆಗಿದೆಯಾ ಇಲ್ಲವಾ. ಯಾವ ಕಲಂ ಕೂಡ ಖಾಲಿ ಬಿಡುವಂತಿಲ್ಲ. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಮ್ಮ ಪಕ್ಕದ ಮನೆಯವರ ಬಗ್ಗೆಯೂ ನಮಗೆ ಇಷ್ಟು ವಿವರ ಗೊತ್ತಿರಲ್ಲ.

ಬಳಸೋದು ಹೇಗೆ? ಆಯೋಗದ ಸೈಟ್‌ನಲ್ಲಿ ಚುನಾವಣೆ, ರಾಜ್ಯ, ಕ್ಷೇತ್ರ ಆರಿಸಿದರೆ ಹೆಸರುಗಳು ಬರುತ್ತವೆ. ಅಲ್ಲಿಂದ ಸ್ಕ್ಯಾನ್ ಮಾಡಿದ ಪ್ರತಿ ಇಳಿಸಿಕೊಳ್ಳಬಹುದು. ಅದು ಕಾಗದದ ಫೋಟೋ ಇದ್ದ ಹಾಗೆ, ಪುಟ ತಿರುಗಿಸಿ ಕಣ್ಣಲ್ಲೇ ಓದಬೇಕು. ನಾನು ನೋಡಿದ್ದರಲ್ಲಿ ಒಬ್ಬ ಪಕ್ಷೇತರರು ಕೈಯಲ್ಲೇ ಬರೆದಿದ್ದರು, ಅಕ್ಷರ ಬಿಡಿಸಿ ಓದೋಕೆ ಅರ್ಧ ಗಂಟೆ ಹಿಡಿಯಿತು. ಆ್ಯಪ್‌ನಲ್ಲಿ ಕ್ರಿಮಿನಲ್ ಹಿನ್ನೆಲೆ ಇದೆಯೋ ಇಲ್ಲವೋ ಅನ್ನೋದು ಹೆಸರಿನ ಜೊತೆಗೇ ಕಾಣುತ್ತೆ. ಆದರೆ 'ಇದೆ' ಅನ್ನೋ ಒಂದೇ ಪದ ನೋಡಿ ತೀರ್ಮಾನಕ್ಕೆ ಬರಬೇಡಿ. ರಸ್ತೆ ತಡೆ ಮಾಡಿ ಅಕ್ರಮ ಕೂಟದ ಕೇಸು ಹಾಕಿಸಿಕೊಂಡವರೂ 'ಇದೆ', ಮೋಸ, ಕೊಲೆ ಯತ್ನದ ಕೇಸು ಇರುವವರೂ 'ಇದೆ'. ಸೆಕ್ಷನ್ ನೋಡಲೇಬೇಕು. ಹಳೆಯ ಚುನಾವಣೆ ಜೊತೆ ಹೋಲಿಸಿ ನೋಡೋಕೆ ನನಗೆ ಮೈನೇತಾ ಜಾಸ್ತಿ ಅನುಕೂಲ ಆಯ್ತು, ಅಲ್ಲಿ ಎಲ್ಲಾ ಪಟ್ಟಿಯ ರೂಪದಲ್ಲಿದೆ.

ಈಗ ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರ್ತೀನಿ.

2023ರ ಏಪ್ರಿಲ್ ಕೊನೆ. ಊರಿಗೆ ಹೋಗಿದ್ದೆ. ಹಳೇ ಮೈಸೂರು ಕಡೆಯ ಹೋಬಳಿ ಊರು ನಮ್ಮದು, ಮೂರೂ ಪಕ್ಷಕ್ಕೆ ಜನ ಇದ್ದಾರೆ. ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತು ಚಿಕ್ಕಪ್ಪನಿಗೆ ಒಂದೊಂದೇ ಅಫಿಡವಿಟ್ ಓದಿ ಹೇಳ್ತಿದ್ದೆ. ಚಿಕ್ಕಪ್ಪ ಮೂವತ್ತು ವರ್ಷದಿಂದ ಒಂದೇ ಪಕ್ಷಕ್ಕೆ ಓಟು ಹಾಕಿದವರು, ಬೂತ್ ಮುಂದೆ ಟೇಬಲ್ ಹಾಕಿಕೊಂಡು ಚೀಟಿ ಬರೆದು ಕೊಟ್ಟವರು. ಎದುರು ಪಕ್ಷದ ಅಭ್ಯರ್ಥಿ ಮೇಲೆ ಐಪಿಸಿ ಸೆಕ್ಷನ್ 323, 504, 506 ಇತ್ತು. ಅಂದರೆ ಹೊಡೆದದ್ದು, ಬೈದು ಕೆಣಕಿದ್ದು, ಬೆದರಿಕೆ ಹಾಕಿದ್ದು. "ನೋಡ್ದಾ? ನಾನು ಹೇಳ್ತಾನೇ ಇದ್ದೆ, ರೌಡಿ ಅವನು" ಅಂದರು. ಆಮೇಲೆ ನಮ್ಮ ಕಡೆಯವರದ್ದು ತೆಗೆದೆ. ಅದೇ 323, ಅದೇ 504, ಅದೇ 506, ಜೊತೆಗೆ 341, ಅಂದರೆ ದಾರಿಗೆ ಅಡ್ಡಗಟ್ಟಿದ್ದು, ಒಂದು ಜಾಸ್ತಿ. ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಅದು ರಾಜಕೀಯ ದ್ವೇಷಕ್ಕೆ ಹಾಕಿಸಿದ ಕೇಸು ಕಣೋ" ಅಂದರು. ನಾನು ಏನೂ ಮಾತಾಡಲಿಲ್ಲ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಫೋನ್ ಅವರ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

ಚಿಕ್ಕಪ್ಪನನ್ನು ದೂರೋಕೆ ಇದನ್ನು ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದ್ದೆ. ನಾನು ಮೊದಲು ತೆರೆದದ್ದು ನನಗೆ ಇಷ್ಟವಿಲ್ಲದ ಅಭ್ಯರ್ಥಿಯದ್ದು, ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಗ್ರೂಪ್‌ಗೆ ಹಾಕಿದ್ದೂ ಅವರದ್ದು ಮಾತ್ರ. ಈ ಸೇವೆಯನ್ನು ನಾವು ಬಳಸುವುದು ಎದುರಿನವನ ಮೇಲೆ ಎಸೆಯುವ ಕಲ್ಲು ಹುಡುಕೋಕೆ. ನಮ್ಮವನನ್ನು ಅಳೆಯೋಕೆ ಅಲ್ಲ. ನನಗೆ ತುಂಬಾ ನೋವಾಗುವುದು ಇದೇ.

ಇದು ಎಷ್ಟು ಕಷ್ಟಪಟ್ಟು ಬಂದ ಸೇವೆ ಅಂತ ಗೊತ್ತಾದರೆ ಇನ್ನೂ ಬೇಜಾರಾಗುತ್ತೆ. ಎಡಿಆರ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2002ರ ಮೇ 2ರಂದು ತೀರ್ಪು ಕೊಟ್ಟಿತು. ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಅಂತ. ಆಗ ಪಕ್ಷಗಳು ಏನು ಮಾಡಿದವು ಗೊತ್ತಾ? ಬೇರೆ ಯಾವ ವಿಷಯಕ್ಕೂ ಒಟ್ಟಿಗೆ ಕೂರದವರು ಸರ್ವಪಕ್ಷ ಸಭೆಯಲ್ಲಿ ಒಂದಾಗಿ ಇದನ್ನು ವಿರೋಧಿಸಿದರು. ಸುಗ್ರೀವಾಜ್ಞೆ ಬಂತು, ಕಾಯ್ದೆಗೆ 33ಬಿ ಅಂತ ಹೊಸ ಕಲಂ ಸೇರಿತು, ಕೋರ್ಟ್ ಹೇಳಿದ ವಿವರ ಕೊಡಬೇಕಾಗಿಲ್ಲ ಅಂತ. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಆ ಕಲಂ ರದ್ದು ಮಾಡಿತು. ಆಮೇಲೇ ಇದು ನಮ್ಮ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು. ತಮ್ಮನ್ನು ಯಾರೂ ನೋಡಬಾರದು ಅನ್ನುವಾಗ ಅವರಿಗೆ ಪಕ್ಷ ಅಡ್ಡ ಬರಲಿಲ್ಲ. ನೋಡುವ ಹಕ್ಕು ಸಿಕ್ಕ ನಮಗೆ ಮಾತ್ರ ಅಡ್ಡ ಬರುತ್ತಿದೆ.

ನಮ್ಮ ರಾಜ್ಯದಲ್ಲೂ ಅಷ್ಟೇ. 2016ರಲ್ಲಿ ಕಾಂಗ್ರೆಸ್ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿತು, ಲೋಕಾಯುಕ್ತ ಪೊಲೀಸರ ಕೈಯಲ್ಲಿದ್ದ ಭ್ರಷ್ಟಾಚಾರದ ಕೇಸುಗಳು ಅಲ್ಲಿಗೆ ಹೋದವು. ಆಮೇಲೆ ಸಮ್ಮಿಶ್ರ ಸರ್ಕಾರ ಬಂತು, ಬಿಜೆಪಿ ಸರ್ಕಾರ ಬಂತು. ಎಸಿಬಿ ಹಾಗೇ ಇತ್ತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ರದ್ದು ಮಾಡಬೇಕಾಯಿತು. ಆರು ವರ್ಷದಲ್ಲಿ ಮೂರು ಬಗೆಯ ಸರ್ಕಾರ ನೋಡಿದ ನಾವು, ನಮ್ಮ ನಮ್ಮ ಪಕ್ಷವನ್ನು "ಯಾಕೆ ಮುಟ್ಟಲಿಲ್ಲ" ಅಂತ ಕೇಳಲಿಲ್ಲ.

ರಾಜೀನಾಮೆಗಳ ವಿಷಯ ತಗೊಳ್ಳಿ. 1986ರ ಫೆಬ್ರುವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರಕ್ಕೆ ಹೈಕೋರ್ಟ್ ಸರ್ಕಾರವನ್ನು ಟೀಕಿಸಿತು ಅಂತ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಮೂರು ದಿನಕ್ಕೆ ವಾಪಸ್ ತಗೊಂಡರು, ಅದೂ ನಿಜ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ಆರೋಪಕ್ಕೆ ಕುರ್ಚಿಯನ್ನೇ ಬಿಟ್ಟರು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ವರದಿ ಬಂದು ಯಡಿಯೂರಪ್ಪ ಮುಖ್ಯಮಂತ್ರಿ ಸ್ಥಾನದಿಂದ ಇಳಿದರು, ಮುಂದೆ 2016ರಲ್ಲಿ ಸಿಬಿಐ ವಿಶೇಷ ಕೋರ್ಟ್‌ನಲ್ಲಿ ಖುಲಾಸೆ ಆದರು. ಇತ್ತೀಚೆಗೆ 2022ರಲ್ಲಿ ಗುತ್ತಿಗೆದಾರರೊಬ್ಬರ ಸಾವಿನ ನಂತರ ಬಿಜೆಪಿ ಸಚಿವ ಈಶ್ವರಪ್ಪ ರಾಜೀನಾಮೆ ಕೊಟ್ಟರು, ಆಮೇಲೆ ಪೊಲೀಸರು ಸಾಕ್ಷ್ಯ ಇಲ್ಲ ಅಂತ ಬಿ ರಿಪೋರ್ಟ್ ಹಾಕಿದರು. 2024ರಲ್ಲಿ ವಾಲ್ಮೀಕಿ ನಿಗಮದ ಹಣದ ವಿಚಾರಕ್ಕೆ ಕಾಂಗ್ರೆಸ್ ಸಚಿವ ನಾಗೇಂದ್ರ ರಾಜೀನಾಮೆ ಕೊಟ್ಟರು. ಯಾರು ತಪ್ಪು ಮಾಡಿದ್ದಾರೆ, ಯಾರು ಮಾಡಿಲ್ಲ ಅನ್ನೋದನ್ನು ಕೋರ್ಟ್ ಹೇಳಲಿ. ನಾನು ಹೇಳ್ತಿರೋದು ನಮ್ಮ ಬಗ್ಗೆ. ನಮ್ಮ ಸಂಬಂಧಿಕರ ಗ್ರೂಪ್‌ನಲ್ಲಿ 2022ರಲ್ಲಿ "ನೈತಿಕ ಹೊಣೆ" ಅಂತ ದಿನಕ್ಕೆ ಹತ್ತು ಮೆಸೇಜ್ ಹಾಕಿದವರು 2024ರಲ್ಲಿ ಬರೀ ಗುಡ್ ಮಾರ್ನಿಂಗ್ ಹಾಕಿದರು. 2022ರಲ್ಲಿ "ತನಿಖೆ ಆಗಲಿ, ಆತುರ ಯಾಕೆ" ಅಂದವರು 2024ರಲ್ಲಿ ಒಂದು ದಿನವೂ ಕಾಯಲಿಲ್ಲ. ಮಾತುಗಳು ಅವೇ. ಆಡುವ ಬಾಯಿ ಮಾತ್ರ ಅದಲು ಬದಲು.

ಅಫಿಡವಿಟ್‌ಗೆ ಹಲ್ಲಿಲ್ಲ ಅನ್ನುವವರಿಗೆ ಒಂದು ಉದಾಹರಣೆ ಕೊಡ್ತೀನಿ. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಹಾಸನದ ಪ್ರಜ್ವಲ್ ರೇವಣ್ಣ ಅವರ 2019ರ ಗೆಲುವನ್ನು ಅಸಿಂಧು ಅಂತ ಹೇಳಿತು. ಆಸ್ತಿ ವಿವರ ಸರಿಯಾಗಿ ಕೊಟ್ಟಿಲ್ಲ ಅನ್ನೋದು ಮುಖ್ಯ ಕಾರಣಗಳಲ್ಲಿ ಒಂದು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅರ್ಜಿ ಹಾಕಿದವರಲ್ಲಿ ಒಬ್ಬರು ಎ. ಮಂಜು. 2019ರಲ್ಲಿ ಬಿಜೆಪಿಯಿಂದ ನಿಂತು ಸೋತವರು. ತೀರ್ಪು ಬರುವ ಹೊತ್ತಿಗೆ ಅವರು ಜೆಡಿಎಸ್ ಶಾಸಕರು, ಅಂದರೆ ಪ್ರಜ್ವಲ್ ಅವರದ್ದೇ ಪಕ್ಷ. ನಾಯಕರಿಗೆ ಪಕ್ಷ ಅನ್ನೋದು ಇಷ್ಟು ಸಲೀಸಾಗಿ ಬದಲಾಗುವಾಗ, ಅದಕ್ಕೋಸ್ಕರ ನಾವು ಅಣ್ಣತಮ್ಮಂದಿರ ಜೊತೆ ಮಾತು ಬಿಡೋದು ಯಾಕೆ ಅಂತ ನನಗೆ ಆವತ್ತು ಬಹಳ ಅನ್ನಿಸಿತು.

ಇನ್ನೊಂದು ಕಡೆ ಸೇವೆ ನಿಜವಾಗಲೂ ಸೋತಿದೆ. ಕೇಸು ಇರುವವರಿಗೆ ಯಾಕೆ ಟಿಕೆಟ್ ಕೊಟ್ಟಿರಿ ಅಂತ ಪಕ್ಷಗಳು ಕಾರಣ ಬರೆದು ಪ್ರಕಟಿಸಬೇಕು, ಗೆಲ್ಲುವ ಸಾಮರ್ಥ್ಯ ಒಂದೇ ಕಾರಣ ಆಗಕೂಡದು ಅಂತ ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿತು. ಬಿಹಾರ ಚುನಾವಣೆಯಲ್ಲಿ ಅದನ್ನು ಸರಿಯಾಗಿ ಪಾಲಿಸಲಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಎಂಟು ಪಕ್ಷಗಳಿಗೆ ದಂಡ ಬಿತ್ತು. ಬಿಜೆಪಿ, ಕಾಂಗ್ರೆಸ್‌ಗೆ ತಲಾ ಒಂದು ಲಕ್ಷ. ಸಿಪಿಎಂ, ಎನ್‌ಸಿಪಿಗೆ ತಲಾ ಐದು ಲಕ್ಷ. ಬಲ, ಎಡ, ಮಧ್ಯ ಯಾರೂ ಉಳಿಯಲಿಲ್ಲ. ನಮ್ಮಲ್ಲಿ 2018ರಲ್ಲಿ ಗೆದ್ದ ಶಾಸಕರಲ್ಲಿ ಸುಮಾರು ಮೂವರಿಗೆ ಒಬ್ಬರು ಕೇಸು ಇದೆ ಅಂತ ತಾವೇ ಬರೆದುಕೊಟ್ಟವರು. 2023ರಲ್ಲಿ ಅದು ಅರ್ಧಕ್ಕಿಂತ ಜಾಸ್ತಿ ಆಯ್ತು. ಮುಚ್ಚಿಟ್ಟದ್ದಲ್ಲ, ಬರೆದುಕೊಟ್ಟದ್ದು. ನಾವು ಓದಲಿಲ್ಲ, ಇಲ್ಲಾ ಓದಿಯೂ "ಎದುರಿನವನಿಗೂ ಇದೆಯಲ್ಲ" ಅಂದೆವು.

ಚಿಕ್ಕಪ್ಪನ ಕಥೆ ಪೂರ್ತಿ ಮಾಡ್ತೀನಿ. ಕೇಸಿನ ಪುಟ ಆದ ಮೇಲೆ ಅವರೇ "ಜಮೀನಿಂದು ಓದು" ಅಂದರು. ನಮ್ಮ ಕಡೆಯವರ ಹೆಸರಲ್ಲಿ ಬೈಪಾಸ್ ಹತ್ತಿರ 3 ಎಕರೆ 10 ಗುಂಟೆ ಇತ್ತು, ಈಗಿನ ಬೆಲೆ ಅಂತ 12 ಲಕ್ಷ ಬರೆದಿದ್ದರು. ನನಗೆ ಅದು ಬರೀ ಅಂಕಿ. ಚಿಕ್ಕಪ್ಪ ಎದ್ದು ಕೂತರು. "ಸರ್ವೆ ನಂಬರ್ ಇನ್ನೊಂದ್ಸಲ ಹೇಳು" ಅಂದರು. ತೆಂಗಿನಕಾಯಿ ವ್ಯಾಪಾರಕ್ಕೆ ಸುತ್ತಲಿನ ತೋಟವೆಲ್ಲ ತುಳಿದವರು, ಎಲ್ಲಿ ಎಕರೆಗೆ ಎಷ್ಟು ನಡೀತಿದೆ ಅಂತ ಅವರಿಗೆ ಗೊತ್ತು. "ಆ ದುಡ್ಡಿಗೆ ಅಲ್ಲಿ ಹತ್ತು ಗುಂಟೆನೂ ಬರಲ್ಲ" ಅಂದರು. ಎದುರು ಪಕ್ಷದವರು ಎಷ್ಟು ಬರೆದಿದ್ದಾರೆ ಅಂತ ಆವತ್ತು ಕೇಳಲೇ ಇಲ್ಲ.

ನಾಲ್ಕು ದಿನ ಬಿಟ್ಟು ಅಭ್ಯರ್ಥಿ ಓಟು ಕೇಳ್ಕೊಂಡು ನಮ್ಮ ಬೀದಿಗೆ ಬಂದರು. ಹಾರ ಹಾಕಿ ಆದ ಮೇಲೆ ಚಿಕ್ಕಪ್ಪ ಮೆಲ್ಲಗೆ ಕೇಳೇಬಿಟ್ಟರು, "ಬೈಪಾಸ್ ಜಮೀನಿಗೆ ಯಾಕೆ ಅಷ್ಟು ಕಮ್ಮಿ ಬೆಲೆ ಬರೆದಿದ್ದೀರಿ ಸ್ವಾಮಿ?" ಅಂತ. ಅವರು ನಕ್ಕು, ಆಡಿಟರ್ ನೋಡಿಕೊಂಡಿದ್ದಾರೆ ಅಂದರು. ಜೊತೆಗಿದ್ದ ಹುಡುಗನೊಬ್ಬ "ನೀವು ನಮ್ಮವರೇ ಅಲ್ವಾ ಅಣ್ಣಾ, ನೀವೇ ಹಿಂಗೆ ಕೇಳಿದ್ರೆ ಹೆಂಗೆ" ಅಂದ. "ನಮ್ಮವರು ಅಂತಲೇ ಕೇಳಿದ್ದು ಕಣಪ್ಪ. ಬೇರೆಯವರು ನನ್ನ ಮಾತಿಗೆ ಯಾಕೆ ಉತ್ತರ ಕೊಡ್ತಾರೆ?" ಅಂದರು ಚಿಕ್ಕಪ್ಪ. ಓಟು ಯಾರಿಗೆ ಹಾಕಿದರೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. 2024ರಲ್ಲಿ ಮಾತ್ರ ನಾಮಪತ್ರ ಹಾಕಿದ ವಾರವೇ ಫೋನ್ ಮಾಡಿ, "ನಮ್ಮ ಕಡೆಯವರದ್ದು ಬಂತಾ ನೋಡು" ಅಂದರು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಮ್ಮಿ ಮಾಡಿದ್ದು ಯಾಕಂದ್ರೆ ಕಣ್ಣು ಮಂಜಾದವರಿಗೆ, ಓದು ಬರದವರಿಗೆ ಈ ಸ್ಕ್ಯಾನ್ ಪುಟಗಳು ಒಬ್ಬರ ಸಹಾಯ ಇಲ್ಲದೆ ದಕ್ಕಲ್ಲ. ನೀವು ಬಳಸೋದಾದರೆ ನಾಮಪತ್ರ ಸಲ್ಲಿಕೆ ಮುಗಿದ ಮೇಲೆ ಒಂದು ಸಂಜೆ ಇಟ್ಟುಕೊಳ್ಳಿ. ಒಬ್ಬೊಬ್ಬರದ್ದಕ್ಕೆ ಇಪ್ಪತ್ತು ನಿಮಿಷ ಬೇಕು. ಮೊದಲು ನೀವು ಓಟು ಹಾಕಬೇಕು ಅಂತಿರುವವರದ್ದನ್ನೇ ತೆಗೆಯಿರಿ. ಮನೆಯಲ್ಲಿ ಹಿರಿಯರಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಸರ್ವೆ ನಂಬರ್ ಜೋರಾಗಿ ಓದಿ.