ಹಾನಿಯಾವೋ ರೆಥಿಮ್ನೊವೋ: ಕ್ರೀಟ್‌ನ ಎರಡು ಹಳೆಯ ಬಂದರುಗಳು

ಗ್ರೀಸಿನ ಕ್ರೀಟ್ ದ್ವೀಪದ ಉತ್ತರ ಕರಾವಳಿಯಲ್ಲಿ, ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ಅಂತರದಲ್ಲಿರುವ ಹಾನಿಯಾ ಮತ್ತು ರೆಥಿಮ್ನೊ, ವೆನಿಸ್ಸಿನವರ ಆಳ್ವಿಕೆಯಲ್ಲಿ ಬೆಳೆದು, 1645 ಮತ್ತು 1646ರಲ್ಲಿ ಒಂದರ ಹಿಂದೊಂದರಂತೆ ಆಟೊಮನ್ ತುರ್ಕರ ಕೈಸೇರಿದ ಬಂದರು ಪಟ್ಟಣಗಳು. ಚರಿತ್ರೆ ಇಷ್ಟು ಹತ್ತಿರವಿರುವುದರಿಂದ ಒಂದನ್ನು ನೋಡಿದರೆ ಇನ್ನೊಂದನ್ನು ಬಿಡಬಹುದೆಂದು ತೋರಬಹುದು. ಎರಡರಲ್ಲೂ ತಂಗಿ, ಕಾಲ್ನಡಿಗೆಯಲ್ಲೇ ಸುತ್ತಿದ ನನಗೆ ಹಾಗೆನಿಸಲಿಲ್ಲ.

ಬಂದರನ್ನೇ ನೋಡಬೇಕೆನ್ನುವವರಿಗೆ ಹಾನಿಯಾಕ್ಕೆ ಸಾಟಿಯಿಲ್ಲ. ಕ್ರೀಟ್ ಗ್ರೀಸಿನೊಡನೆ ಸೇರಿದ ಗುರುತಾಗಿ 1913ರ ಡಿಸೆಂಬರ್ 1ರಂದು ಧ್ವಜವೇರಿದ ಫಿರ್ಕಾಸ್ ಕೋಟೆಯಿಂದ ಹೊರಟು, ಗುಮ್ಮಟಗಳ ಹಸನ್ ಪಾಷಾ ಮಸೀದಿಯನ್ನು ದಾಟಿ ಪೂರ್ವಕ್ಕೆ ನಡೆದರೆ, ವೆನಿಸ್ಸಿನವರು ತಮ್ಮ ಹಡಗುಗಳನ್ನು ಒಳಗೆಳೆದು ದುರಸ್ತಿ ಮಾಡುತ್ತಿದ್ದ ಏಳು ಕಮಾನು ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವುದು ಕಾಣುತ್ತದೆ. ಊರು ಯಾವುದರಿಂದ ಬದುಕಿತ್ತೆಂಬುದನ್ನು ಇವುಗಳಷ್ಟು ನೇರವಾಗಿ ಹೇಳುವ ಕಟ್ಟಡ ರೆಥಿಮ್ನೊದಲ್ಲಿ ನನಗೆ ಸಿಗಲಿಲ್ಲ. ಅಲ್ಲಿಂದ ಅಲೆತಡೆಯ ಕಲ್ಲುಗೋಡೆಯ ಮೇಲೆ ಬಂದರನ್ನು ಅರ್ಧ ಸುತ್ತುಹಾಕಿ ದೀಪಸ್ತಂಭವನ್ನು ಮುಟ್ಟಬಹುದು. ಅದರ ಬುಡ ವೆನಿಸ್ಸಿನವರದು, ಮಿನಾರಿನಂಥ ಗೋಪುರ 1830ರ ದಶಕದಲ್ಲಿ ಈಜಿಪ್ಟಿನವರ ಆಡಳಿತದಲ್ಲಿ ಮರುನಿರ್ಮಾಣವಾದದ್ದು. ದಾರಿಯುದ್ದಕ್ಕೂ ನೆರಳೇ ಇಲ್ಲ. ಬೆಳಿಗ್ಗೆ ಬೇಗ ಹೊರಡುವುದು ಒಳ್ಳೆಯದು. ಸಂಜೆಯಾದರೆ ನೀರಿನಂಚಿನ ಹೋಟೆಲಿನವರು ಹೆಜ್ಜೆಹೆಜ್ಜೆಗೂ ಊಟಕ್ಕೆ ಕರೆಯುತ್ತಾರೆ, ಕಟ್ಟಡಗಳನ್ನು ನಿಂತು ನೋಡಲು ಬಿಡುವುದಿಲ್ಲ.

ರೆಥಿಮ್ನೊದ ಬಂದರು ತೀರ ಚಿಕ್ಕದು. ಹೂಳಿನ ಕಾಟ ಅದಕ್ಕೆ ಹಿಂದಿನಿಂದಲೂ ಇದ್ದುದೇ, ಅದನ್ನು ನೋಡಲು ಅರ್ಧ ಗಂಟೆಯೂ ಬೇಡ. ಅಲ್ಲಿ ನೋಡಬೇಕಾದದ್ದು ಬಂದರಿನ ಬೆನ್ನಿಗಿರುವ ಊರು. 1571ರಲ್ಲಿ ತುರ್ಕರ ಹಡಗುಪಡೆ ಪಟ್ಟಣವನ್ನು ಸುಟ್ಟ ಮೇಲೆ, ಜನರೆಲ್ಲ ಒಳಗೇ ನೆಲೆಸಲೆಂಬ ಉದ್ದೇಶದಿಂದ ವೆನಿಸ್ಸಿನವರು ಗುಡ್ಡದ ಮೇಲೆ ಫೋರ್ಟೆಜ಼ಾ ಕೋಟೆಯನ್ನು ಕಟ್ಟಿದರು. ಊರಿಗೆಲ್ಲ ಅಲ್ಲಿ ಜಾಗ ಸಾಲಲಿಲ್ಲ, ಮನೆಗಳು ಕೆಳಗೇ ಉಳಿದವು. ಇಂದು ಕೋಟೆಯೊಳಗೆ ಬಹುಪಾಲು ಬಯಲು, ನಡುವೆ ಇಬ್ರಾಹಿಂ ಖಾನ್ ಮಸೀದಿಯ ದೊಡ್ಡ ಗುಮ್ಮಟ. ಕೆಳಗಿನ ಗಲ್ಲಿಗಳಲ್ಲಿ ಸಿಂಹದ ಬಾಯಿಗಳಿಂದ ನೀರು ಸುರಿಸುವ 1626ರ ರಿಮೊಂಡಿ ಕಾರಂಜಿ, ಚರ್ಚಿನಿಂದ ಮಸೀದಿಯಾಗಿ ಈಗ ಸಂಗೀತದ ಸಭಾಂಗಣವಾಗಿರುವ ನೆರಾಜ಼ೆ, ವೆನಿಸ್ಸಿನ ಕಲ್ಲು ಬಾಗಿಲುಗಳ ಮೇಲೆ ತುರ್ಕರು ಚಾಚಿದ ಮರದ ಮುಚ್ಚುಮೊಗಸಾಲೆಗಳು, ಎಲ್ಲವೂ ನಾಲ್ಕು ಹೆಜ್ಜೆಗಳಲ್ಲಿ ಸಿಗುತ್ತವೆ. ಹಾನಿಯಾದಲ್ಲಿಯೂ ಇಂಥ ಬೆರಕೆಯಿದೆ: ಸ್ಪ್ಲಾಂಜಿಯಾ ಚೌಕದ ಸೇಂಟ್ ನಿಕೊಲಸ್ ಚರ್ಚಿಗೆ ಗಂಟೆಗೋಪುರವೂ ಇದೆ, ಮಿನಾರೂ ಇದೆ. ಆದರೆ ಅಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕು.

ಊಟದಲ್ಲಿ ಎರಡಕ್ಕೂ ಹೆಚ್ಚಿನ ಭೇದ ಕಾಣಲಿಲ್ಲ. ಗಟ್ಟಿ ರಸ್ಕಿನ ಮೇಲೆ ಟೊಮೆಟೊ, ಚೀಸ್, ಆಲಿವ್ ಎಣ್ಣೆ ಹಾಕಿಕೊಡುವ ಡಾಕೊಸ್ ಸಸ್ಯಾಹಾರಿಗಳಿಗೆ ಎರಡೂ ಕಡೆ ಆಸರೆ.

ಒಂದೇ ದಿನವಿದ್ದರೆ ನಾನು ಹಾನಿಯಾವನ್ನೇ ಆರಿಸುತ್ತೇನೆ; ಎರಡು ರಾತ್ರಿ ಇದ್ದರೆ ರೆಥಿಮ್ನೊದಲ್ಲಿ ಕೋಣೆ ಹಿಡಿದು, ಮೊದಲ ಬಸ್ಸಿಗೆ ಹಾನಿಯಾಕ್ಕೆ ಹೋಗಿ, ಅಲೆತಡೆಯ ನಡಿಗೆಯನ್ನು ಬಿಸಿಲೇರುವ ಮೊದಲೇ ಮುಗಿಸುತ್ತೇನೆ.