ಬಾಕ್ಸ್ ಮಂಚವೋ, ಅತ್ತೆಯ ಟ್ರಂಕೋ?

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಮಲಗುವ ಕೋಣೆ ಎರಡು. ಸಾಮಾನು ಮಾತ್ರ ನಾಲ್ಕು ಕೋಣೆಗಾಗುವಷ್ಟು. ಶಿವರಾತ್ರಿ ಬಂತೆಂದರೆ ನಂದಿಯ ಭೋಗನಂದೀಶ್ವರನ ತೇರಿಗೆ ನೆಂಟರು ಬರುತ್ತಾರೆ. ಚಾಪೆ, ಹಾಸಿಗೆ, ದಿಂಬು, ರಗ್ಗು ಎಲ್ಲ ಬೇಕು. ಎರಡು ದಿನ ಬಳಸುವ ಇವು ಉಳಿದ ದಿನ ಎಲ್ಲಿರಬೇಕು? ಬಹಳ ಕಾಲ ಕುರ್ಚಿಯ ಮೇಲೆ, ಬೀರುವಿನ ಮೇಲೆ, ಬಾಗಿಲ ಹಿಂದೆ ಇದ್ದವು.

ಎರಡು ವರ್ಷದ ಹಿಂದೆ ಹಠ ಹಿಡಿದು ನಮ್ಮ ಕೋಣೆಗೆ ಬಾಕ್ಸ್ ಮಂಚ ಮಾಡಿಸಿದೆ. ಅತ್ತೆಯ ಕೋಣೆಯಲ್ಲಿ ಹಳೇ ಮರದ ಮಂಚವೇ ಉಳಿಯಿತು. ಅದರಡಿಗೆ ಅವರ ಮದುವೆ ಕಾಲದ ಕಬ್ಬಿಣದ ಟ್ರಂಕು ತಳ್ಳಿದೆವು. ಎರಡನ್ನೂ ಹೋಲಿಸಿ ನೋಡುವ ಅವಕಾಶ ಹೀಗೆ ತಾನಾಗೇ ಸಿಕ್ಕಿತು.

ಬಾಕ್ಸ್ ಮಂಚ ನೋಡಲು ಅಂದ. ಐದು ಅಡಿ ಅಗಲ, ಆರೂಕಾಲು ಅಡಿ ಉದ್ದ, ಒಳಗೆ ಒಂದಡಿ ಆಳ. ಇದ್ದಬದ್ದದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಒಳಗೆ ಹೋಯಿತು. ಖಾಲಿ ಕೋಣೆಯ ಫೋಟೊ ತೆಗೆದು ತಂಗಿಗೆ ಕಳಿಸಿ ಬೀಗಿದ್ದೂ ಆಯಿತು. ಆದರೆ ನಾನು ಏನನ್ನೂ ಆರಿಸಿರಲಿಲ್ಲ, ಎಸೆದಿರಲಿಲ್ಲ. ಸುಮ್ನೆ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿದ್ದೆ.

ನಮ್ಮದು ತಾನಾಗಿ ಮೇಲೇಳುವ ಹೈಡ್ರಾಲಿಕ್ ಮಂಚವಲ್ಲ, ಹಲಗೆ ಎತ್ತುವ ಬಗೆ. ಮೇಲೆ ತೆಂಗಿನ ನಾರಿನ ಹಾಸಿಗೆ, ಭಾರ ಕೇಳಬೇಡಿ. ಒಂದು ಬೆಡ್‌ಶೀಟ್ ತೆಗೆಯಲು ಇಬ್ಬರು ಬೇಕು. ಎತ್ತುವ ಸೋಮಾರಿತನಕ್ಕೆ ಅಂಗಡಿಯಿಂದ ಹೊಸದೇ ತಂದದ್ದುಂಟು! ಎಂಟು ತಿಂಗಳ ಮೇಲೆ ತೆರೆದಾಗ ಕೆಟ್ಟ ಮಿಕ್ಸಿ, ಮಗಳ ಎಲ್‌ಕೆಜಿ ಬ್ಯಾಗು, ಗೃಹಪ್ರವೇಶಕ್ಕೆ ಬಂದ ಒಂದೇ ಥರದ ಮೂರು ಗಡಿಯಾರ ಸಿಕ್ಕವು. ಮುಗ್ಗಲು ವಾಸನೆ ಬೇರೆ. ಮಂಚ ಗೋಡೆಗೆ ಒತ್ತಿಕೊಂಡಿತ್ತು, ಮಳೆಗಾಲದಲ್ಲಿ ಆ ಗೋಡೆ ತೇವ ಎಳೆಯುತ್ತದೆ. ಗಾಳಿಯಾಡದ ಪೆಟ್ಟಿಗೆಯೊಳಗೆ ಹತ್ತಿ ದಿಂಬು ಬೂಷ್ಟು ಹಿಡಿಯದೆ ಇರುತ್ತದೆಯೇ? ಆಮೇಲೆ ಮಂಚವನ್ನು ನಾಲ್ಕು ಬೆರಳು ಈಚೆಗೆ ಎಳೆದು, ಬಡಗಿಯಿಂದ ಪಕ್ಕದ ಹಲಗೆಗೆ ತೂತು ಹಾಕಿಸಿದೆ. ವಾಸನೆ ಕಡಿಮೆಯಾಯಿತು. ಹಾಸಿಗೆ ಎತ್ತುವ ಕೆಲಸ ತಪ್ಪಲಿಲ್ಲ.

ಟ್ರಂಕಿನದು ಬೇರೆ ಕಥೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ. ಮುಚ್ಚಳ ಹಾಕಲು ಬರದಿದ್ದರೆ ಏನಾದರೂ ತೆಗೆಯಲೇಬೇಕು. ಅತ್ತೆ ಮತ್ತು ನಾನು ನೆಲದ ಮೇಲೆ ಮೂರು ಗುಡ್ಡೆ ಹಾಕಿ ಕೂತೆವು: ಇಡುವುದು, ಕೊಡುವುದು, ಒರೆಸುವ ಬಟ್ಟೆಗೆ ಹಾಕುವುದು. ಮೊದಲ ಗುಡ್ಡೆಯೇ ಬೆಳೆಯುತ್ತಾ ಹೋಯಿತು.

"ಇರ್ಲಿ ಬಿಡಮ್ಮ, ಬೇಕಾಗುತ್ತೆ" ಎಂದು ಅತ್ತೆ ಪ್ರತಿ ಟವೆಲ್ಲಿಗೂ ಹೇಳಿದರು.

"ಅತ್ತೆ, ಹೋದ ಶಿವರಾತ್ರಿಗೆ ಇದನ್ನ ಯಾರಿಗಾದ್ರೂ ಕೊಟ್ರಾ?"

ಈ ಪ್ರಶ್ನೆ ಕೆಲಸ ಮಾಡಿತು. ಕೊಟ್ಟಿದ್ದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಸಂಜೆಗೆ ಹಳೇ ಬಟ್ಟೆಗೆ ಪಾತ್ರೆ ಕೊಡುವಾಕೆ ಬಂದಳು. ಎರಡು ಮೂಟೆ ಬಟ್ಟೆಗೆ ಒಂದು ಸ್ಟೀಲ್ ಬೇಸಿನ್ ಬಂತು. ಮನೆಗೆ ಮತ್ತೊಂದು ಸಾಮಾನು ಸೇರಿತು ಅನ್ನಿ, ಅದು ಬೇರೆ ಮಾತು.

ಟ್ರಂಕಿಗೂ ತೊಂದರೆಗಳಿವೆ. ಎಳೆದರೆ ಟೈಲ್ಸ್ ಮೇಲೆ ಗೀರು ಬೀಳುತ್ತದೆ. ನಾಲ್ಕು ಗಾಲಿ ಹಾಕಿದ ಹಲಗೆಯ ಮೇಲೆ ಇಟ್ಟ ಮೇಲೆ ಅತ್ತೆ ಒಬ್ಬರೇ ಎಳೆಯುತ್ತಾರೆ. ತಳ ತುಕ್ಕು ಹಿಡಿದಿತ್ತು, ಉಜ್ಜಿ ಬಣ್ಣ ಹೊಡೆಸಿ ಹಳೇ ಬಿಳಿ ಪಂಚೆ ಹಾಸಿದೆವು.

ನಡುವೆ ಗಾಳಿ ಎಳೆದು ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲಗಳನ್ನೂ ತರಿಸಿದ್ದೆ. ರಗ್ಗು ಅಪ್ಪಳದ ಹಾಗಾಯಿತು, ಮಗಳಿಗೆ ಅದೇ ಆಟ. ನಾಲ್ಕರಲ್ಲಿ ಎರಡು ಚೀಲ ಹದಿನೈದು ದಿನದಲ್ಲಿ ಮತ್ತೆ ಉಬ್ಬಿಕೊಂಡವು. ಅಷ್ಟಾದರೆ ಸುಮ್ಮನಿರುತ್ತಿದ್ದೆ. ಜಾಗ ಉಳಿಯಿತಲ್ಲ ಎಂದು ರೇಷ್ಮೆ ಸೀರೆಗಳನ್ನೂ ಅದಕ್ಕೇ ತುಂಬಿದ್ದೆ. ಶಿಡ್ಲಘಟ್ಟದ ಚಿಕ್ಕಮ್ಮ ಬಂದವರು ನೋಡಿ ಬೈದರು. ಅವರ ಮನೆಯಲ್ಲಿ ರೀಲಿಂಗ್ ಕೆಲಸ, ಗೂಡಿನಿಂದ ನೂಲು ತೆಗೆಯುವುದನ್ನು ನೋಡುತ್ತಲೇ ಬೆಳೆದವರು. "ರೇಷ್ಮೆನ ಪ್ಲಾಸ್ಟಿಕ್‌ನಲ್ಲಿ ಹಾಕಿ ಉಸಿರು ಕಟ್ಟಿಸ್ತೀಯಲ್ಲೇ!"

ಬೈಗುಳದಲ್ಲಿ ಲೆಕ್ಕವಿತ್ತು. ರೇಷ್ಮೆ ಗಾಳಿಯ ತೇವ ಹೀರುವ ನೂಲು. ನೂಲಿನ ತೂಕ ಹಿಡಿಯುವಾಗ 11% ತೇವ ಲೆಕ್ಕಕ್ಕೆ ಸೇರಿಸುವುದೂ ಅದಕ್ಕೇ. ಆ ತೇವ ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಬಿದ್ದರೆ ಬೂಷ್ಟು ಬರುತ್ತದೆ. ಬೆಳ್ಳಿ ಇರುವ ಜರಿ ಕಪ್ಪಾಗುತ್ತದೆ. ಬಿಗಿಯಾಗಿ ಒತ್ತಿದ ಮಡಿಕೆಯಲ್ಲೇ ಸೀರೆ ಹರಿಯುತ್ತದೆ. ಈಗ ಒಂದೊಂದು ಸೀರೆಯನ್ನೂ ಮಲ್ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಮೂರು ತಿಂಗಳಿಗೊಮ್ಮೆ ತೆಗೆದು ನೆರಳಲ್ಲಿ ಆರಿಸಿ ಮಡಿಕೆ ಬದಲಿಸುತ್ತೇನೆ. ನುಸಿ ಗುಳಿಗೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಈಗ ಪಾಲಿಯೆಸ್ಟರ್ ರಗ್ಗು ಮಾತ್ರ.

ಸಜ್ಜದ ಬಗ್ಗೆ ಹೇಳುವುದು ಕಡಿಮೆ. ಏಣಿ ಬೇಕು, ಧೂಳು ಜಾಸ್ತಿ. ವರ್ಷಕ್ಕೊಮ್ಮೆ ಇಳಿಸುವ ದಸರಾ ಗೊಂಬೆಗೆ ಸರಿ.

ಮತ್ತೆ ಮಂಚ ಮಾಡಿಸುವುದಾದರೆ? ಕಾಲಿರುವ ಸಾದಾ ಮಂಚ, ಕೆಳಗೆ ಗಾಲಿ ಮೇಲಿನ ಎರಡು ಟ್ರಂಕು. ಕೆಳಗೆ ಪೊರಕೆ ಆಡುವಷ್ಟು ಜಾಗ. ಬಾಡಿಗೆ ಮನೆಯವರಿಗಂತೂ ಇದೇ ಲೇಸು, ಬಾಕ್ಸ್ ಮಂಚ ಬಿಚ್ಚಿ ಮೆಟ್ಟಿಲು ಇಳಿಸುವುದು ಹುಡುಗಾಟವಲ್ಲ. ಹೈಡ್ರಾಲಿಕ್ ಮಂಚವಿದ್ದು, ಸಾಮಾನು ಆರಿಸುವ ಅಭ್ಯಾಸವೂ ಇದ್ದರೆ ಬಾಕ್ಸ್ ಮಂಚ ಕೆಟ್ಟದ್ದೇನಲ್ಲ. ನನಗೆ ಎರಡನೆಯದೂ ಇರಲಿಲ್ಲ.

ನಮ್ಮ ಬಾಕ್ಸ್ ಮಂಚದಲ್ಲಿ ಈಗ ನೆಂಟರ ಹಾಸಿಗೆಗಳಷ್ಟೇ ಇವೆ. ಕಾಲ ಕಡೆಯ ಖಾನೆ ಬಿಟ್ಟು. ಅಲ್ಲಿ ಮೈದುನನ ಡಿಪ್ಲೊಮಾ ಪುಸ್ತಕಗಳು ಹಾಗೇ ಇವೆ. ಈ ಸಲ ತೇರಿಗೆ ಬಂದಾಗ ಅವನನ್ನೇ ಕರೆದು ಹಲಗೆ ಎತ್ತಿಸಬೇಕು.